ಹನ್ನೊಂದು ಮಂದಿ ಬೀರಯ್ಯ, ಒಬ್ಬ ದಾಸೋಜಿ

ಒಂಬತ್ತು ವರ್ಷಗಳಿಂದ ನನ್ನ ಕೈಗೆ ಯಾರೂ ಏನನ್ನೂ ಹಿಡಿದುಕೊಳ್ಳಲು ಕೊಟ್ಟಿರಲಿಲ್ಲ. ಏಣಿ ಹಿಡಿ ಎಂದು ಕರೆಯುತ್ತಿರಲಿಲ್ಲ, ಒಲೆಯ ಮೇಲಿನ ಹಾಲು ನೋಡಿಕೋ ಎನ್ನುತ್ತಿರಲಿಲ್ಲ. ಕೂಸನ್ನೆತ್ತಿಕೊಂಡು ಬಸ್ಸು ಹತ್ತಿದ ಹೆಂಗಸು ಕೂತವರ ಮುಖವನ್ನೆಲ್ಲ ನೋಡಿ, ನನ್ನನ್ನು ದಾಟಿ, ಹಿಂದಿನ ಸೀಟಿನವರ ಮಡಿಲಿಗೆ ಅದನ್ನು ಹಾಕುತ್ತಿದ್ದಳು. ಬೀದಿಯಲ್ಲಿ ಮಂಚ ಸಾಗಿಸುವವರು ಮೂವರೇ ಇದ್ದರೂ ಏದುಸಿರು ಬಿಡುತ್ತ ಮೂವರೇ ಸಾಗಿಸುತ್ತಿದ್ದರು. ನಾನು ಪಕ್ಕದಲ್ಲಿ ಕೈಬೀಸಿಕೊಂಡು ನಡೆಯುತ್ತ ಅವರ ಜೊತೆ ಮಳೆ ಬೆಳೆ ಮಾತಾಡುತ್ತಿದ್ದೆ. ಯಾರಿಗೂ ನನ್ನ ಮೇಲೆ ಸಿಟ್ಟಿರಲಿಲ್ಲ. ನಾನು ದಾಸೋಜಿ, ಅಷ್ಟೆ.

ದಾಸೋಜಿ ಅಂದರೆ ನಮ್ಮೂರಿನಲ್ಲಿ ನಡುವೆ ಕೈಬಿಟ್ಟು ಓಡುವವನು. ದೊಡ್ಡ ಕಾದಂಬರಿಯ ನಾಲ್ಕನೆಯ ಸಂಪುಟದಲ್ಲಿ ಆ ಹೆಸರಿನ ಅಂಬಿಗ ಬರುತ್ತಾನೆ. ನಡುಹೊಳೆಯಲ್ಲಿ ದೋಣಿ ವಾಲಿದಾಗ ಹುಟ್ಟನ್ನು ಬಿಸಾಡಿ, ನೀರಿಗೆ ಹಾರಿ, ತಾನೊಬ್ಬನೇ ಈಜಿ ದಡ ಸೇರುತ್ತಾನೆ. ಆರನೆಯ ಸಂಪುಟದ ಬೀರಯ್ಯ ಇದಕ್ಕೆ ತದ್ವಿರುದ್ಧ. ಬಾಗಿಲು ಕಾಯಿ ಎಂದು ಧಣಿ ಹೇಳಿದ್ದಕ್ಕೆ ನೆರೆಯ ನೀರು ಕುತ್ತಿಗೆಗೆ ಬಂದರೂ ಕದಲದೆ ನಿಂತ ಆಳು ಅವನು. ಕೇಳಿದ್ದಕ್ಕೆಲ್ಲ ಹೂಂ ಎಂದು ಏನನ್ನೂ ಮಾಡದವನು ಚೆನ್ನಿಗಯ್ಯ. ಎಲ್ಲ ಆದಮೇಲೆ ನಾನು ಆಗಲೇ ಹೇಳಿದ್ದೆ ಎನ್ನುವವಳು ಅಂತಕ್ಕ. ಹೀಗೆ ಹನ್ನೊಂದು ಸಂಪುಟ, ಮುನ್ನೂರ ಚಿಲ್ಲರೆ ಹೆಸರು. ಅದನ್ನು ಬರೆದವರ ಹೆಸರು ಮಾತ್ರ ಊರಿಗೆ ಮರೆತುಹೋಗಿದೆ.

ಹದಿನೆಂಟು ತುಂಬಿದ ದಿನ ನಮ್ಮಲ್ಲಿ ಪ್ರತಿಯೊಬ್ಬರೂ ತಲೆಗೆ ಎಣ್ಣೆ ಹಚ್ಚಿಕೊಂಡು, ಸ್ನಾನ ಮಾಡಿ ಓದುಮನೆಗೆ ಹೋಗಬೇಕು. ಅಲ್ಲಿ ಮೂವರು ಹಿರಿಯರು ಮೂರು ಪ್ರಶ್ನೆ ಕೇಳಿ, ತಮ್ಮಲ್ಲೇ ಗುಸುಗುಸು ಮಾತಾಡಿಕೊಂಡು, ಒಂದು ಸಂಪುಟ ತೆರೆದು ನಿಮ್ಮ ಹೆಸರು ಓದಿ ಹೇಳುತ್ತಾರೆ. ಅಲ್ಲಿಂದಾಚೆ ಅದು ತಗಡಿನ ಮೇಲೆ ಬರೆಸಿಕೊಂಡು ನಿಮ್ಮ ಬಾಗಿಲಿಗೆ ಬೀಳುತ್ತದೆ. ಹೆಣ್ಣು ನೋಡಲು ಬಂದವರು ಹೊಸ್ತಿಲಲ್ಲೇ ನಿಂತು ಮೊದಲು ತಗಡು ಓದುತ್ತಾರೆ. ಕ್ಷೌರದಂಗಡಿಯವನು ಚೆನ್ನಿಗಯ್ಯ ಕೂತರೆ ಹೇಗೆ ಕತ್ತರಿಸಲಿ ಎಂದು ಕೇಳದೆ ತನ್ನ ಇಷ್ಟದಂತೆ ಕತ್ತರಿಸಿ ಕಳಿಸುತ್ತಾನೆ. ಆ ತಗಡುಗಳನ್ನು ಬರೆಯುವುದು ನನ್ನ ಕಸುಬು. ಒಬ್ಬನೇ ಕೂತು ಮಾಡುವ ಕೆಲಸ, ದಾಸೋಜಿಗೆ ಹೇಳಿ ಮಾಡಿಸಿದ್ದು. ನನ್ನ ಬಾಗಿಲಿನದನ್ನೂ ನಾನೇ ಬರೆದೆ. ಅಕ್ಷರ ಚೆನ್ನಾಗಿಯೇ ಬಂದಿದೆ.

ನನಗೆ ಕೇಳಿದ ಮೊದಲ ಪ್ರಶ್ನೆ, ಮನೆಗೆ ಬೆಂಕಿ ಬಿದ್ದರೆ ಏನು ಮಾಡುತ್ತೀಯ ಎಂಬುದು. ಹೊರಗೆ ಓಡುತ್ತೇನೆ ಎಂದೆ. ಅದರಲ್ಲಿ ತಪ್ಪೇನೂ ನನಗೆ ಕಂಡಿರಲಿಲ್ಲ. ನನಗಿಂತ ಮೊದಲು ಹೋದ ಹುಡುಗರು ಅಜ್ಜಿಯನ್ನು, ಎಮ್ಮೆಯನ್ನು, ದೇವರ ಪೆಟ್ಟಿಗೆಯನ್ನು ಉಳಿಸಿ ಬಂದಿದ್ದರಂತೆ. ಒಬ್ಬನಂತೂ ಹನ್ನೊಂದು ಸಂಪುಟಗಳನ್ನೂ ಹೊತ್ತು ತಂದಿದ್ದನಂತೆ. ಓದುಮನೆಯ ಹಿರಿಯರಲ್ಲಿ ಮುಖ್ಯರಾದ ನರಹರಿ ಮಾಸ್ತರು ಇನ್ನೆರಡು ಪ್ರಶ್ನೆ ಕೇಳುವ ಗೋಜಿಗೇ ಹೋಗಲಿಲ್ಲ. ಅವತ್ತು ಅವ್ವ ಸೆರಗಿನಿಂದ ಮೂಗೊರೆಸಿಕೊಳ್ಳುತ್ತ, "ಇನ್ನೆರಡು ಮಾತು ಸೇರಿಸಿ ಹೇಳೋಕೆ ಏನಾಗಿತ್ತೋ ನಿಂಗೆ? ಅವ್ವನ್ನ ಎತ್ಕೊಂಡು ಓಡ್ತೀನಿ ಅಂದಿದ್ರೆ ನಿನ್ನ ಬಾಯಿ ಸವೆದು ಹೋಗ್ತಿತ್ತಾ?" ಎಂದಳು.

ಸವೆಯುತ್ತಿರಲಿಲ್ಲ. ಆದರೆ ನಿಜವಾಗಿ ಬೆಂಕಿ ಬಿದ್ದರೆ ಏನು ಮಾಡುತ್ತೇನೆಂಬುದು ನನಗೂ ತಿಳಿಯದು. ಆಮೇಲಿನ ಒಂಬತ್ತು ವರ್ಷ ಅದೇ ನನ್ನ ಹೊಟ್ಟೆಯಲ್ಲಿ ಕೂತ ಕಲ್ಲು. ಸಂತೆಯಲ್ಲಿ ಹೋರಿ ನುಗ್ಗಿದಾಗ ಎಲ್ಲರ ಜೊತೆ ನಾನೂ ಓಡಿದೆ. ಎಲ್ಲರೂ ಓಡಿದ್ದು ಹೋರಿಗೆ ಹೆದರಿ, ನಾನು ಓಡಿದ್ದು ದಾಸೋಜಿಯಾಗಿದ್ದರಿಂದ. ಹಾಗೆಂದು ಊರು ಹೇಳಿತು, ಇದ್ದರೂ ಇರಬಹುದು ಎಂದು ನನಗೂ ಅನ್ನಿಸಿತು.

ಹೀಗಿರುವಾಗ ಒಂದು ಬೆಳಿಗ್ಗೆ ಪುಟ್ಟತಾಯಕ್ಕ ಕುಂಟುತ್ತ ನನ್ನ ಬಾಗಿಲಿಗೆ ಬಂದಳು. ಬಾವಿಯ ಹೂಳೆತ್ತುವವಳು ಅವಳು. ಊರಿನ ಇಪ್ಪತ್ತಮೂರು ಬಾವಿಗಳಿಗೂ ಇಳಿದವಳು ಅವಳೊಬ್ಬಳೇ. ಐವತ್ತು ದಾಟಿದ, ಒಣಗಿದ ಕಡ್ಡಿಯಂಥ ಹೆಂಗಸು. ಮೇಲೆ ನಿಂತು ಹಗ್ಗ ಹಿಡಿಯುತ್ತಿದ್ದವನು ಅವಳ ಗಂಡ ಕಾಳಪ್ಪಣ್ಣ. ಮೂರು ವರ್ಷದ ಹಿಂದೆ ಮೇಲಿನ ಬೀದಿಯ ಬಾವಿಯಲ್ಲಿ ಕಲ್ಲು ಜರಿದು ಅವಳ ಕಾಲು ಮುರಿಯಿತು. ಹಗ್ಗ ಬಿಡದೆ ಹಿಡಿದು ನಿಂತ ಕಾಳಪ್ಪಣ್ಣನ ಭುಜ ಹೋಯಿತು. ಬಾಗಿಲಿನ ತಗಡಿನ ಪ್ರಕಾರವೂ ಅವನು ಬೀರಯ್ಯ. ಇಂಥ ಬೀರಯ್ಯ ಪುಸ್ತಕದಲ್ಲೂ ಇಲ್ಲ ಎಂದು ಓದುಮನೆಯವರು ಅವನಿಗೆ ಕೆಂಪು ಶಾಲು ಹೊದಿಸಿದರು. ಅಂದಿನಿಂದ ಪುಟ್ಟತಾಯಕ್ಕ ಯಾವ ಬಾವಿಗೂ ಇಳಿದಿರಲಿಲ್ಲ, ಬಾವಿಗಳೆಲ್ಲ ಹೂಳು ತುಂಬಿಕೊಂಡು ಕೂತಿದ್ದವು. ಮೂರುದಾರಿಯ ಬಾವಿಯಲ್ಲಂತೂ ಕೊಡ ಬಿಟ್ಟರೆ ಕೆಸರೇ ಬರುತ್ತಿತ್ತು.

"ನಂಜುಂಡ, ಸೋಮವಾರ ಮೂರುದಾರಿ ಬಾವಿಗೆ ಇಳೀತೀನಿ," ಎಂದಳು. "ನೀನು ಹಗ್ಗ ಹಿಡೀಬೇಕು."

ನಾನು ಕುಂಚವನ್ನು ಡಬ್ಬಿಯಲ್ಲಿ ಅದ್ದಿದವನು ಅಲ್ಲೇ ಬಿಟ್ಟೆ. "ಅಕ್ಕ, ಬಾಗಿಲ ಮೇಲೆ ಏನು ಬರೆದಿದೆ ನೋಡಿದೆಯಾ?"

"ಓದೋಕೆ ಬರುತ್ತೆ ಕಣಪ್ಪ ನಂಗೆ."

"ಕಾಳಪ್ಪಣ್ಣನ್ನ ಬಿಟ್ಟೂ ಊರಲ್ಲಿ ಹನ್ನೊಂದು ಜನ ಬೀರಯ್ಯ ಇದಾರೆ."

"ಹಗ್ಗ ನಾವು ಹಿಡೀತೀವಿ ಅಂತ ಹನ್ನೊಂದೂ ಜನ ನಮ್ಮನೆ ಜಗಲಿ ಮೇಲೆ ಬಂದು ಕೂತಿದಾರೆ, ಬೆಳಿಗ್ಗೆಯಿಂದ. ಎದ್ದು ಹೋಗ್ರೋ ಅಂದ್ರೆ ಕದಲೋದೇ ಇಲ್ಲ. ಅದಕ್ಕೆ ಹಿತ್ತಲ ಬಾಗಿಲಿಂದ ಬಂದೆ." ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನೀನೇ ಬೇಕು. ಇಲ್ಲಾ ಅಂದ್ರೆ ನಾನು ಇಳಿಯೋಲ್ಲ," ಎಂದಳು.

ನಾನು ಆಗಲ್ಲ ಎನ್ನಬೇಕಿತ್ತು. ಆದರೆ ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಯಾರೋ ಒಬ್ಬರು ನನ್ನ ಕೈಗೆ ಏನನ್ನೋ ಕೊಡುತ್ತೇನೆನ್ನುತ್ತಿದ್ದರು. ಅದೂ ಸಣ್ಣಪುಟ್ಟದ್ದಲ್ಲ, ಒಂದು ಜೀವ. ನನ್ನ ಬಾಯಿ ಹೂಂ ಎಂದಿತು. ಅವಳು ಹೋದಮೇಲೆ ಅಕ್ಷರವೆಲ್ಲ ಸೊಟ್ಟಗಾಗಿ, ಆ ದಿನ ಬರೆದ ತಗಡನ್ನೆಲ್ಲ ಅಳಿಸಿ ಮತ್ತೆ ಬರೆಯಬೇಕಾಯಿತು.

ಸುದ್ದಿ ಊರಿಗೆ ಹಬ್ಬಲು ಒಂದು ಹೊತ್ತೂ ಹಿಡಿಯಲಿಲ್ಲ. ಮಧ್ಯಾಹ್ನಕ್ಕೆ ನರಹರಿ ಮಾಸ್ತರೇ ಪುಟ್ಟತಾಯಕ್ಕನ ಮನೆಗೆ ನಡೆದರು. "ಏನಮ್ಮಾ ಇದು, ಅಂಬಿಗ ಓಡಿಹೋದ ದೋಣಿಗೆ ನೀನಾಗೇ ಹತ್ತೀಯಾ?" ಎಂದರಂತೆ. ಅವಳು ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದಳಂತೆ. ಎದುರುಮನೆಯ ಸುಂದರಮ್ಮ, ಅಂತಕ್ಕಂದಿರಲ್ಲೆಲ್ಲ ಹಿರಿಯಳು, ಇನ್ನೂ ಏನೂ ಆಗದೆ ಇದ್ದುದರಿಂದ ಏನು ಹೇಳಬೇಕೆಂದು ತಿಳಿಯದೆ ಎರಡು ದಿನ ಚಡಪಡಿಸಿದಳು. ಅವ್ವ ಮಾತ್ರ ಊಟಕ್ಕೆ ಬಡಿಸುತ್ತ ಮೆಲ್ಲಗೆ ಕೇಳಿದಳು: "ಹಿಡ್ಕೊಳ್ತೀಯೇನೋ?"

"ಗೊತ್ತಿಲ್ಲವ್ವ."

"ಗೊತ್ತಿಲ್ದೇ ಇದ್ರೆ ಯಾಕೋ ಒಪ್ಕೊಂಡೆ? ಅವಳಿಗೇನಾದ್ರೂ ಆದ್ರೆ ಈ ಊರಲ್ಲಿ ಮುಖ ಎತ್ಕೊಂಡು ಓಡಾಡೋಕಾಗುತ್ತಾ?"

ನನಗೆ ಊರಿನ ಚಿಂತೆ ಅಷ್ಟಿರಲಿಲ್ಲ. ಊರು ಅನ್ನಬೇಕಾದ್ದನ್ನೆಲ್ಲ ಆಗಲೇ ಅಂದಾಗಿತ್ತು. ಆದರೆ ಅವಳನ್ನು ಬಾವಿಯಲ್ಲಿ ಬಿಟ್ಟು ಓಡಿದರೆ, ಬಾಗಿಲ ಮೇಲಿನ ಹೆಸರು ಒಳಗೂ ಹೊಕ್ಕುಬಿಡುತ್ತದೆ. ಆಮೇಲೆ ಕನ್ನಡಿಯಲ್ಲಿ ಯಾರನ್ನು ನೋಡುವುದು? ಭಾನುವಾರ ಇಡೀ ದಿನ ಜ್ವರ ಬರಲಿ ಎಂದು ಬಿಸಿಲಲ್ಲಿ ಕೂತೆ. ಬರಲಿಲ್ಲ.

ಸೋಮವಾರ ಬೆಳಿಗ್ಗೆ ಮೂರುದಾರಿಯಲ್ಲಿ ಜಾತ್ರೆಯಂತೆ ಜನ. ಹನ್ನೊಂದು ಮಂದಿ ಬೀರಯ್ಯರೂ ಬಂದಿದ್ದರು. ಬುಟ್ಟಿಯಲ್ಲಿ ಕೆಸರು ಸೇದುವ ಕೆಲಸವನ್ನಾದರೂ ಕೊಡು ಎಂದು ಗೋಗರೆದು ಅದನ್ನು ಪಡೆದುಕೊಂಡಿದ್ದರು. ಬಾವಿಗೆ ಪಡುವಣ ಕಡೆ ಎರಡು ಕಲ್ಲುಕಂಬ, ಅವುಗಳ ಮೇಲೆ ಅಡ್ಡ ತೊಲೆ, ತೊಲೆಯಲ್ಲಿ ಎರಡು ರಾಟೆ. ಒಂದು ಬುಟ್ಟಿಗೆ, ಒಂದು ಅವಳಿಗೆ. ಪುಟ್ಟತಾಯಕ್ಕ ಬಂದವಳೇ ಬಾವಿಯನ್ನು ನೋಡಲಿಲ್ಲ, ರಾಟೆಯ ಹಿಂದಿನ ಬಯಲನ್ನು ನೋಡಿದಳು. ಅಲ್ಲಿ ನಿಂತಿದ್ದ ಗಾಡಿಯೊಂದನ್ನು ತಳ್ಳಿಸಿದಳು. ಬಟ್ಟೆ ಹರವಿದ್ದ ಹೆಂಗಸಿಗೆ, "ಇವತ್ತೊಂದಿನ ತಂತಿ ಬಿಚ್ಚವ್ವ," ಎಂದಳು. ಕೂತಿದ್ದ ಜನರನ್ನು ಎರಡೂ ಪಕ್ಕಕ್ಕೆ ಸರಿಸಿದಳು. ಎಲ್ಲರಿಗೂ ಅದು ಅವಳ ಹಳೆಯ ಶಿಸ್ತು ಎನ್ನಿಸಿತು.

ಹಗ್ಗ ಹಿಡಿಯುವವರು ಅದನ್ನು ಕಲ್ಲುಕಂಬಕ್ಕೆ ಒಂದು ಸುತ್ತು ಸುತ್ತಿ, ಬಾವಿಯ ಅಂಚಿಗೆ ಕಾಲುಕೊಟ್ಟು, ಒಳಗೆ ನೋಡುತ್ತ ನಿಲ್ಲುವುದು ಪದ್ಧತಿ. ನಾನು ಹಾಗೆ ನಿಂತೆ. ಅವಳು ಬಂದು ಹಗ್ಗವನ್ನು ಕಂಬದಿಂದ ಬಿಚ್ಚಿ, ನನ್ನ ಸೊಂಟಕ್ಕೆ ಗೋಣಿ ಮಡಿಸಿ ಸುತ್ತಿ, ಅದರ ಮೇಲೆ ಹಗ್ಗದ ತುದಿ ಕಟ್ಟಿದಳು. ಗಂಟನ್ನು ಬೆನ್ನ ಕಡೆಗೆ ಹಾಕಿ, ಎರಡು ಸಲ ಜಗ್ಗಿ ನೋಡಿದಳು. ಗುಂಪಿನಲ್ಲಿ ನಗೆ ಎದ್ದಿತು.

"ಕಟ್ಟಿಹಾಕೋದೇ ಸರಿ ಕಣಕ್ಕ! ಎಮ್ಮೆಗೂ ಹಂಗೇ ಮಾಡೋದು!" ಎಂದು ಯಾರೋ ಕೂಗಿದರು.

ನನಗೆ ಕಿವಿಯವರೆಗೂ ಬಿಸಿಯೇರಿತು. ಇವಳಿಗೂ ನಂಬಿಕೆ ಇಲ್ಲ, ಓಡದಿರಲಿ ಎಂದು ಬಿಗಿಯುತ್ತಿದ್ದಾಳೆ ಎಂದುಕೊಂಡೆ. ಅವಳು ನನ್ನ ಹೆಗಲು ಹಿಡಿದು ತಿರುಗಿಸಿ ಬಾವಿಗೆ ಬೆನ್ನು ಹಾಕಿ ನಿಲ್ಲಿಸಿದಳು. "ಒಳಗೆ ಇಣುಕಬೇಡ. ಕಿವಿ ಮಾತ್ರ ಇಲ್ಲಿರ್ಲಿ. ನಿಂಗೆ ಆಗ ಏನನ್ಸುತ್ತೋ ಅದನ್ನ ಮಾಡು."

"ಏನನ್ಸಿದ್ರೂನಾ?"

"ಏನನ್ಸಿದ್ರೂ. ಯೋಚನೆ ಮಾಡೋಕೆ ಹೋಗ್ಬೇಡ."

ರಾಟೆಯ ಮೇಲೆ ಹಾದುಬಂದ ಇನ್ನೊಂದು ತುದಿಯನ್ನು ತನ್ನ ನಡುವಿಗೆ ಬಿಗಿದುಕೊಂಡು, ಬಾವಿಯ ಗೋಡೆಯಲ್ಲಿ ಕಾಲಿಡಲು ಬಿಟ್ಟ ಕಲ್ಲುಗಳನ್ನು ಮೆಟ್ಟುತ್ತ ಅವಳು ಇಳಿದಳು. ನಾನು ಬೆನ್ನ ಹಿಂದೆ ಕೈಯಿಟ್ಟು, ಸುರುಳಿ ಬಿದ್ದಿದ್ದ ಹಗ್ಗವನ್ನು ಸಡಿಲಿಸುತ್ತ ಹೋದೆ. ತಳ ಮುಟ್ಟಿದಾಗ ಹಗ್ಗ ಬಿಗಿಯಾಗಿ ನನ್ನ ಸೊಂಟವನ್ನು ಎರಡು ಸಲ ಜಗ್ಗಿತು. ಆಮೇಲೆ ಕೆಸರಿನ ಬುಟ್ಟಿಗಳು ಮೇಲೆ ಬರತೊಡಗಿದವು. ಮೊದಲ ಹತ್ತು ಬುಟ್ಟಿಯಲ್ಲಿ ಬರೀ ಕೆಸರು. ಆಮೇಲೆ ಒಂದು ತಾಮ್ರದ ಚೊಂಬು, ಯಾರದೋ ಚಪ್ಪಲಿ, ಒಂದು ಗಡಿಯಾರ ಬಂದವು. ಜನ ಅವುಗಳಿಗೆ ಮುಗಿಬಿದ್ದು ಇದು ನಮ್ಮದು ಅದು ನಿಮ್ಮದು ಎಂದು ಕಿತ್ತಾಡಿಕೊಳ್ಳುವಾಗ ನನ್ನನ್ನು ಎಲ್ಲರೂ ಮರೆತರು. ಅದು ಆ ದಿನದ ಒಳ್ಳೆಯ ಗಳಿಗೆ. ಹಗ್ಗದಲ್ಲಿ ಅವಳ ಓಡಾಟ ನನ್ನ ಬೆನ್ನಿಗೆ ತಿಳಿಯುತ್ತಿತ್ತು, ಗಾಳಕ್ಕೆ ಮೀನು ಮುಟ್ಟಿದ ಹಾಗೆ.

ಹೊತ್ತು ನೆತ್ತಿಗೆ ಬರುವ ಸಮಯ. ಒಂದು ಸದ್ದು ಕೇಳಿಸಿತು. ದೊಡ್ಡದೇನಲ್ಲ, ನಿದ್ದೆಯಲ್ಲಿ ಯಾರೋ ಹಲ್ಲು ಕಡಿದಂತೆ. ಬುಟ್ಟಿ ಸೇದುತ್ತಿದ್ದವರು ಅದನ್ನು ಕೇಳಿಸಿಕೊಳ್ಳಲಿಲ್ಲ. ನಾನು ಕೇಳಿಸಿಕೊಂಡೆ. ಅಂಥ ಸದ್ದಿಗಾಗಿ ಒಂಬತ್ತು ವರ್ಷದಿಂದ ನನ್ನ ಕಿವಿ ಕಾಯುತ್ತಿತ್ತು. ನನ್ನ ಕಾಲ ಕೆಳಗಿನ ನೆಲ ಕೂದಲೆಳೆಯಷ್ಟು ಅಲುಗಿತು.

ನಾನು ಓಡಿದೆ.

ಇದನ್ನು ಅಂದವಾಗಿ ಹೇಳುವ ದಾರಿಯಿಲ್ಲ. ಯೋಚಿಸಲಿಲ್ಲ, ಹಿಂದೆ ನೋಡಲಿಲ್ಲ. ಪುಟ್ಟತಾಯಕ್ಕ ಎಂಬ ಹೆಂಗಸು ಭೂಮಿಯ ಮೇಲಿದ್ದಾಳೆಂಬ ನೆನಪೂ ಆ ಗಳಿಗೆಯಲ್ಲಿ ನನಗಿರಲಿಲ್ಲ. ಎರಡನೆಯ ಹೆಜ್ಜೆಗೇ ಹಗ್ಗ ಸೊಂಟವನ್ನು ಹಿಡಿದು ಹಿಂದಕ್ಕೆಳೆಯಿತು. ನನ್ನ ಎರಡೂ ಕೈ ಗಂಟಿಗೆ ಹೋದವು, ಬಿಚ್ಚಲು. ಗಂಟು ಬೆನ್ನ ಹಿಂದಿತ್ತು. ಬೆರಳು ತಡಕಾಡಿದವು, ಸಿಗಲಿಲ್ಲ. ಸಿಗದಿದ್ದಾಗ ಹೊರೆ ಹೊತ್ತ ಎತ್ತಿನ ಹಾಗೆ ತಲೆ ತಗ್ಗಿಸಿ, ಕಾಲ್ಬೆರಳನ್ನು ಮಣ್ಣಿಗೂರಿ, ಆ ಭಾರವನ್ನೇ ಎಳೆದುಕೊಂಡು ಓಡಿದೆ.

ಹಿಂದೆ ಸುಂದರಮ್ಮನ ದನಿ, ಎರಡು ದಿನದ ಸಂಕಟವೆಲ್ಲ ಒಮ್ಮೆಗೇ ಕಳೆದಂತೆ: "ನಾನು ಆಗ್ಲೇ ಹೇಳಿರ್ಲಿಲ್ವಾ! ಓಡ್ದ! ದಾಸೋಜಿ ಓಡ್ದ!" ಹನ್ನೊಂದು ಮಂದಿ ಬೀರಯ್ಯರು ನಿಂತಲ್ಲೇ ನಿಂತು ಒಂದೇ ದನಿಯಲ್ಲಿ ಕೂಗುತ್ತಿದ್ದರು: "ಕದಲಬೇಡ! ಕದಲಬೇಡ!" ಆಮೇಲೆ ಅದೆಲ್ಲವನ್ನೂ ನುಂಗುವ ಹಾಗೆ ಬಾವಿಯ ಮೂಡಣ ಗೋಡೆ ಗುಡುಗಿ ಒಳಕ್ಕೆ ಕುಸಿಯಿತು. ಕಲ್ಲು ಕೆಸರಿಗೆ ಬಿದ್ದ ಸದ್ದಿಗೆ ಬಯಲಿನ ಕಾಗೆಗಳೆಲ್ಲ ಎದ್ದವು. ನಾನು ಓಡುತ್ತಲೇ ಇದ್ದೆ. ಎದುರಿಗೆ ಗಾಡಿಯಿಲ್ಲ, ತಂತಿಯಿಲ್ಲ, ಮನುಷ್ಯರಿಲ್ಲ. ಬಯಲು ಬರಿದಾಗಿ ನನಗೋಸ್ಕರವೇ ಬಿದ್ದುಕೊಂಡಿತ್ತು.

"ಸಾಕು ನಿಲ್ಲೋ! ನಿಲ್ಲೋ ಮಾರಾಯ, ತಲೆ ರಾಟೆಗೆ ಸಿಕ್ಕೊಳ್ತದೆ!"

ಆ ದನಿ ಬಾವಿಯ ಒಳಗಿಂದ ಬಂದದ್ದಾಗಿರಲಿಲ್ಲ. ನಾನು ಮುಂದಕ್ಕೆ ಬಾಗಿಕೊಂಡೇ ನಿಂತು, ಕತ್ತು ಮಾತ್ರ ತಿರುಗಿಸಿ ನೋಡಿದೆ. ಮೂವತ್ತು ಮಾರು ಹಿಂದೆ, ಎದ್ದ ಧೂಳಿನ ನಡುವೆ, ರಾಟೆಯ ಕೆಳಗೆ ಕೆಸರಿನ ಮುದ್ದೆಯೊಂದು ನೇತಾಡುತ್ತಿತ್ತು. ಅದಕ್ಕೆ ಎರಡು ಕಣ್ಣು ಮತ್ತು ಬೈಯುವ ಬಾಯಿ ಇದ್ದವು. "ನೋಡ್ತಾ ನಿಂತಿದೀರಲ್ರೋ ಬೀರಯ್ಯಗಳಿರಾ! ಹಿಡ್ಕೊಳ್ರೋ ನನ್ನ!" ಹಿಡಿದುಕೊಳ್ಳುವ ಕೆಲಸ ಎಂದ ಕೂಡಲೇ ಅವರಿಗೆ ಜೀವ ಬಂತು. ಹನ್ನೊಂದು ಜೊತೆ ಕೈಗಳು ಚಾಚಿ ಅವಳನ್ನು ಎಷ್ಟು ಬಿಗಿಯಾಗಿ ಹಿಡಿದವೆಂದರೆ, ನೆಲಕ್ಕೆ ಇಳಿಸಿದಮೇಲೂ ಬಿಡಿಸಿಕೊಳ್ಳಲು ಅವಳು ಇನ್ನೊಮ್ಮೆ ಬೈಯಬೇಕಾಯಿತು.

ನಾನು ಅಲ್ಲೇ ಬಯಲಲ್ಲಿ ಮಂಡಿಯೂರಿ ಕೂತುಬಿಟ್ಟೆ. ಅವಳು ಕುಂಟುತ್ತ ನನ್ನತ್ತ ನಡೆದು ಬಂದಳು, ಹಿಂದೆಯೇ ಊರೆಲ್ಲ. ನನ್ನ ಬೆನ್ನಿನ ಗಂಟನ್ನು ಬಿಚ್ಚಲು ಕೂತಳು.

"ಅಕ್ಕ," ಎಂದೆ. ಅವಳಿಗಷ್ಟೇ ಕೇಳುವಂತೆ ಹೇಳಬೇಕೆಂದುಕೊಂಡೆ, ದನಿ ಹಿಡಿತಕ್ಕೆ ಸಿಗಲಿಲ್ಲ, ಎಲ್ಲರಿಗೂ ಕೇಳಿಸಿತು. "ನಾನು ಗಂಟು ಬಿಚ್ಚೋಕೆ ನೋಡ್ದೆ."

"ಗೊತ್ತು ಕಣೋ," ಎಂದಳು. "ಅದಕ್ಕೇ ಹಿಂದೆ ಹಾಕಿದ್ದು."

ನನಗೆ ಮೊದಲು ಬಿಕ್ಕಿ ಅಳು ಬಂತು. ಅದು ಎಲ್ಲೋ ನಡುವೆ ನಗೆಯಾಗಿ, ನಿಲ್ಲಿಸಲು ಆಗದೆ ಹೊಟ್ಟೆ ಹಿಡಿದುಕೊಂಡೆ. ಅವಳೂ ನಕ್ಕಳು, ಮುಖದ ಕೆಸರು ಬಿರುಕು ಬಿಟ್ಟಿತು. ಗುಂಪಿನಲ್ಲಿದ್ದ ಕಾಳಪ್ಪಣ್ಣ ಮಾತ್ರ ನಗಲಿಲ್ಲ. ಒಳ್ಳೆಯ ಕೈಯಲ್ಲಿ ಶಾಲಿನ ಅಂಚು ಹಿಡಿದುಕೊಂಡು, "ಅಂದ್ರೆ ನಾನು ಅವತ್ತು ಕದಲದೆ ಹಿಡ್ಕೊಂಡಿದ್ದು ತಪ್ಪಾ?" ಎಂದು ಕೇಳಿದ.

"ತಪ್ಪಲ್ಲ ರೀ. ನೀವು ಬಿಟ್ಟಿದ್ರೆ ಅವತ್ತೇ ನನ್ನ ಕತೆ ಮುಗೀತಿತ್ತು," ಎಂದಳು ಪುಟ್ಟತಾಯಕ್ಕ, ಇಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಆದ್ರೆ ನೀವು ಬಿಡ್ಲೂ ಇಲ್ಲ, ಎಳೀಲೂ ಇಲ್ಲ. ಕಂಬದ ಹಾಗೆ ನಿಂತ್ರಿ. ನಾನು ನಡುವೆ ನೇತಾಡ್ತಾ ಒಂದೊಂದೇ ಕಲ್ಲು ತಿಂದೆ. ಮೂರು ವರ್ಷ ಇದನ್ನ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ, ಊರು ನಿಮಗೆ ಶಾಲು ಹೊದಿಸಿತ್ತಲ್ಲ."

ಕಾಳಪ್ಪಣ್ಣ ಶಾಲು ತೆಗೆದು, ಅದರಲ್ಲಿ ಹೆಂಡತಿಯ ಮುಖದ ಕೆಸರು ಒರೆಸತೊಡಗಿದ. "ಮೊದಲೇ ಹೇಳಿದ್ರೆ ನಾಲ್ಕು ಹೆಜ್ಜೆ ಹಾಕ್ತಿದ್ನಲ್ಲೇ," ಎಂದ. ಅವನ ಮುಖದ ಮೇಲಿನಿಂದ ಏನೋ ಭಾರ ಇಳಿದ ಹಾಗಿತ್ತು. ಮೂರು ವರ್ಷದಿಂದ ಅವನಿಗೂ ಎಲ್ಲೋ ಅನುಮಾನವಿದ್ದಿರಬೇಕು.

ಗುರುವಾರ ಓದುಮನೆಯ ಮೂವರೂ ನಾಲ್ಕು ಮತ್ತು ಆರನೆಯ ಸಂಪುಟಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಹೆಸರು ಬದಲಾಯಿಸಿದ ಉದಾಹರಣೆ ಇಲ್ಲ, ಆದರೂ ಬದಲಾಯಿಸಲು ಒಪ್ಪಿದ್ದೇವೆ, ಬೀರಯ್ಯ ಎಂದು ಬರೆದುಕೋ ಎಂದರು ನರಹರಿ ಮಾಸ್ತರು. ಅವ್ವ ಸಂತೋಷದಿಂದ ಅವರಿಗೆ ಎರಡೆರಡು ಸಲ ಕಾಫಿ ಕೊಟ್ಟಳು. ಪುಟ್ಟತಾಯಕ್ಕನನ್ನು ಸಾಕ್ಷಿಗೆಂದು ಕರೆಸಿದ್ದರು. ಅವಳು ಹೊಸ್ತಿಲಲ್ಲಿ ಕಾಲು ನೀಡಿಕೊಂಡು ಕೂತಿದ್ದಳು.

"ಮಾಸ್ತರೇ, ಆ ದೋಣಿಯವರು ಏನಾದ್ರು? ಪುಸ್ತಕದಲ್ಲಿ ಇದೆಯಾ?" ಎಂದು ಕೇಳಿದಳು.

ಮಾಸ್ತರು ಹಾಳೆ ತಿರುವಿದರು. "ಇಲ್ಲಮ್ಮ. ದಾಸೋಜಿ ದಡ ಸೇರಿದ ಅಂತ ಇದೆ. ಮುಂದಿನ ಅಧ್ಯಾಯ ಬೇರೆ ಊರಿಂದು."

"ಯಾರಾದ್ರೂ ಬುದ್ಧಿ ಇದ್ದವರು ದೋಣಿ ಹಗ್ಗನ ಅವನ ಸೊಂಟಕ್ಕೆ ಕಟ್ಟಿದ್ರೆ ದೋಣಿನೂ ಸೇರ್ತಿತ್ತು," ಎಂದಳು ಅವಳು. "ಇವನ ಹೆಸರು ಹಂಗೇ ಇರ್ಲಿ. ಇನ್ನೂ ಇಪ್ಪತ್ತೆರಡು ಬಾವಿ ಇದೆ. ನಂಗೆ ದಾಸೋಜಿ ಬೇಕು."

ಮೂವರೂ ನನ್ನನ್ನು ನೋಡಿದರು. ಅವ್ವ ಕಣ್ಣಲ್ಲೇ ಹೂಂ ಅನ್ನು ಎನ್ನುತ್ತಿದ್ದಳು. ಆದರೆ ಸೋಮವಾರದಿಂದ ನಾನು ಹಾಸಿಗೆಗೆ ಬಿದ್ದರೆ ಬೆಳಗಾಗುವವರೆಗೆ ಹೊರಳದೆ ಮಲಗುತ್ತಿದ್ದೆ. ಬೆಂಕಿ ಬಿದ್ದರೆ ಏನು ಮಾಡುತ್ತೇನೆ ಎಂದು ಒಂಬತ್ತು ವರ್ಷ ತಿಂದುಹಾಕಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಓಡುತ್ತೇನೆ. ಅದನ್ನು ತಿಳಿದೇ ಒಬ್ಬಳು ತನ್ನ ಜೀವವನ್ನು ನನಗೆ ಕಟ್ಟಿದ್ದಳು. ಇನ್ನು ಬೀರಯ್ಯನಾಗಿ ಮತ್ತೊಂದು ಒಂಬತ್ತು ವರ್ಷ, ನಿಲ್ಲುತ್ತೇನೋ ಇಲ್ಲವೋ ಎಂದು ಯಾಕೆ ಒದ್ದಾಡಲಿ?

"ಇರ್ಲಿ ಬಿಡಿ ಮಾಸ್ತರೇ," ಎಂದೆ.

ಅವರು ಸಂಪುಟಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು. ಪುಟ್ಟತಾಯಕ್ಕ ಎದ್ದು ಸೀರೆ ಕೊಡವಿಕೊಂಡು, ಬರುವ ಸೋಮವಾರ ಶಾಲೆಯ ಹಿಂದಿನ ಬಾವಿ ಎಂದು ಹೇಳಿ ಹೋದಳು. ಸಂಜೆಗೆ ನಾನು ಒಬ್ಬನೇ ಅತ್ತ ನಡೆದೆ. ಬಾವಿಯ ಹತ್ತಿರ ಹೋಗಲಿಲ್ಲ. ರಾಟೆಯ ಕಂಬಗಳಿಗೆ ಬೆನ್ನು ಹಾಕಿ ನಿಂತು ಎದುರಿನ ನೆಲವನ್ನು ನೋಡಿದೆ. ಒಳ್ಳೆಯ ಜಾಗ. ಬೇಲಿಯವರೆಗೂ ನಲವತ್ತು ಮಾರು ಸಿಗುತ್ತದೆ, ಅದೂ ತುಸು ಇಳಿಜಾರು. ನಡುವೆ ಎಡವುವಂಥ ಎರಡು ಕಲ್ಲುಗಳಿದ್ದವು. ಅವನ್ನು ಎತ್ತಿ ಬದಿಗೆ ಹಾಕಿ, ಒಮ್ಮೆ ಓಡಿ ನೋಡಿದೆ.